ಎರಡು ಗೆರೆಯ ಮದುವೆ

ಗಾವಡಗೆರೆ
18 ಜೂನ್ 2025

ಪ್ರೀತಿಯ ಅಕ್ಕ,

ನಿನ್ನ ತಂಗಿ ಮಲ್ಲಾಜಿ ಬರೆಯುತ್ತಿದ್ದೇನೆ. ಹರಿದು ಹಾಕುವ ಮೊದಲು ಒಂದು ಸಲ ಓದು. ಫೋನು ಮಾಡಿದರೆ ನೀನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಉಷಾಳ ಮದುವೆಯಾಗಿ ಇವತ್ತಿಗೆ ಇಪ್ಪತ್ತಾರು ದಿನ. ಮಾರನೆಯ ದಿನವೇ ಬರೆಯಬೇಕೆಂದು ಕೂತವಳು ಎರಡು ಸಾಲು ಬರೆದು ಎದ್ದುಬಿಡುತ್ತಿದ್ದೆ. ತಡವಾದದ್ದಕ್ಕೂ, ಧಾರೆಗೆ ಬಾರದೆ ಉಳಿದದ್ದಕ್ಕೂ ಕ್ಷಮಿಸು.

ಇಲ್ಲಿ ಹದವಾಗಿ ಮಳೆಯಾಗಿದೆ. ನಮ್ಮ ಮನೆಯವರು, ಗುರುಸ್ವಾಮಿ ಮಾವ, ಹೊಗೆಸೊಪ್ಪಿನ ಸಸಿ ನಾಟಿ ಮುಗಿಸಿದರು. ಅವರ ಮಂಡಿನೋವು ಹಾಗೇ ಇದೆ. ಕಂಪಲಾಪುರದಲ್ಲಿ ಅವ್ವ ಹೇಗಿದ್ದಾಳೆ? ಭಾವನವರ ಕೆಮ್ಮು ಕಡಿಮೆಯಾಯಿತೇ?

ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಚೀಲ ನೇತುಹಾಕಿಕೊಂಡು ಕಾಲೇಜಿಗೆಂದು ಹುಣಸೂರಿನ ಬಸ್ಸು ಯಾಕೆ ಹತ್ತಿದೆ ಎಂದು ನೀನು ಒಂದು ದಿನವೂ ಕೇಳಲಿಲ್ಲ. ಊರಿನವರು ಮಕ್ಕಳಿಲ್ಲದ ಮನೆಯಲ್ಲಿ ಹೊತ್ತು ಹೋಗದೆ ಹೀಗೆ ಮಾಡುತ್ತಾಳೆ ಅಂದುಕೊಂಡರು. ನೀನೂ ಹಾಗೇ ಅಂದುಕೊಂಡೆಯೇನೋ. ನನಗೆ ಬೇಕಾಗಿದ್ದದ್ದು ಕಾರಣ, ಅಕ್ಕ. ನಂದೀಶ ಐದು ವರ್ಷಕ್ಕೆ ಹೋದ, ಶೋಭಾ ಏಳು ವರ್ಷಕ್ಕೆ ಹೋದಳು. ತಿಂಗಳಿಗೊಂದು ಸಲ ಮೈಸೂರಿಗೆ ಹೊತ್ತುಕೊಂಡು ಹೋಗಿ ಯಾರದೋ ರಕ್ತ ಹಾಕಿಸಿದೆವು. ಕಾಯಿಲೆಯ ಹೆಸರು ಗೊತ್ತಿತ್ತು, ಥಲಸ್ಸೇಮಿಯಾ. ಆದರೆ ನನ್ನ ಎರಡು ಮಕ್ಕಳಿಗೇ ಯಾಕೆ ಬಂತು ಎಂದು ಯಾರೂ ಹೇಳಲಿಲ್ಲ. ಡಾಕ್ಟರು ಮಾವನ ಹತ್ತಿರ ಮಾತಾಡುತ್ತಿದ್ದರು, ನಾನು ಹೊರಗೆ ಮಗುವನ್ನು ಹಿಡಿದು ಕೂತಿರುತ್ತಿದ್ದೆ. ಅಜ್ಜಿ ನನ್ನ ಹೊಟ್ಟೆಗೆ ನಾಗರ ಶಾಪ ಅಂದಳು. ನನ್ನ ಅತ್ತೆಯೂ ಅವಳೇ ಅಲ್ಲವೇ, ನಾನು ಎದುರಾಡಲಿಲ್ಲ. ಎಷ್ಟು ಸೋಮವಾರ ಉಪವಾಸ ಇದ್ದೆ ಎಂಬುದು ನಿನಗೆ ಗೊತ್ತು.

ಪಿಯುಸಿಯಲ್ಲಿ ಸೈನ್ಸ್ ಓದಿದ್ದೆನಲ್ಲ, ಕಾಲೇಜಿನವರು ಸೇರಿಸಿಕೊಂಡರು. ಮೊದಲನೆಯ ವರ್ಷ ನರಕ. ಕೆಮಿಸ್ಟ್ರಿ ಅರ್ಥವಾಗದೆ ಬಸ್ಸಿನಲ್ಲಿ ಅಳುತ್ತಿದ್ದೆ. ಹುಡುಗಿಯರು ‘ಆಂಟಿ’ ಅನ್ನುತ್ತಾ ತಮ್ಮ ನೋಟ್ಸ್ ಕೊಟ್ಟರು. ಎರಡನೆಯ ವರ್ಷ ಝುವಾಲಜಿಯಲ್ಲಿ ಅನುವಂಶೀಯತೆಯ ಪಾಠ ಬಂತು. ರೂಪಶ್ರೀ ಮೇಡಂ ಎಂದು ನಮ್ಮ ಟೀಚರು, ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಮದುವೆಗೆ ನಡುವೆ ಒಂದು ಗೆರೆ ಎಂದು ಬೋರ್ಡಿನ ಮೇಲೆ ಬರೆದರು. ಸಂಬಂಧದೊಳಗೇ ಮದುವೆಯಾದರೆ ಎರಡು ಗೆರೆ ಅಂದರು. ಎಲ್ಲರೂ ಅವರವರ ಮನೆಯ ವಂಶಪಟ್ಟಿ ಬರೆದುಕೊಂಡು ಬನ್ನಿ ಎಂದು ಕೆಲಸ ಕೊಟ್ಟರು.

ನಾನು ಅಡುಗೆಮನೆಯಲ್ಲಿ ಕೂತು ಬರೆದೆ. ಅಜ್ಜಿ ತಾತನಿಗೆ ಎರಡು ಗೆರೆ. ನನಗೂ ನಮ್ಮ ಸೋದರಮಾವನಿಗೂ ಎರಡು ಗೆರೆ. ಕೆಳಗೆ ಒಂದು ಚೌಕ, ಒಂದು ಸೊನ್ನೆ. ಕಾಯಿಲೆಯವರನ್ನು ಕಪ್ಪು ತುಂಬಿಸಬೇಕು. ತುಂಬಿಸಿದೆ. ಮೇಡಂ ಹಾಳೆ ನೋಡಿ, “ಅಮ್ಮ, ಇದು ನಿಮ್ಮ ಮನೇದೇನಾ?” ಅಂತ ಕೇಳಿ ನನ್ನ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟರು. ಆಮೇಲೆ ನಿಧಾನವಾಗಿ ವಿವರಿಸಿದರು. ಆ ದೋಷ ಒಬ್ಬರ ರಕ್ತದಲ್ಲಿ ಮಾತ್ರ ಇದ್ದರೆ ಏನೂ ತೊಂದರೆಯಿಲ್ಲ, ತಿಳಿಯುವುದೂ ಇಲ್ಲ. ಇಬ್ಬರಲ್ಲೂ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದೇ ಮನೆಯವರಾದರೆ ಇಬ್ಬರಲ್ಲೂ ಇರುವುದು ಹೆಚ್ಚು.

ನಾಗರಲ್ಲ, ಶಾಪವಲ್ಲ. ಆ ದಿನ ನನಗೆ ಹಗುರವಾಗಬೇಕಿತ್ತು. ಆದರೆ ಹಾಳೆಯ ಬಲಗಡೆ ನೀನಿದ್ದೆ, ನಿನ್ನ ಕೆಳಗೆ ಉಷಾ. ಎಡಗಡೆ ನಮ್ಮ ತಮ್ಮ ಗೌರೀಶ. ಅವರಿಬ್ಬರ ನಡುವೆಯೂ ಎರಡು ಗೆರೆ ಎಳೆಯಲು ನೀವೆಲ್ಲ ಆಗಲೇ ದಿನ ನೋಡುತ್ತಿದ್ದಿರಿ.

ಉಷಾಳನ್ನು ಮೈಸೂರಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದ್ದು ನಿನಗೆ ಹೇಳದೆ, ಅದು ನನ್ನ ತಪ್ಪು. ಅವಳೇ ಕೇಳಿ ಬಂದಳು. ದೋಷ ಅವಳಲ್ಲಿದೆ ಎಂದು ಬಂತು. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಹೇಳಿದ್ದು: “ಅಮ್ಮಂಗೆ ನೀವೇ ಹೇಳಿ ಚಿಕ್ಕಮ್ಮ. ನಾನೇಳುದ್ರೆ ಯಾರ್ನೋ ಮನಸ್ನಲ್ಲಿಟ್ಕಂಡವ್ಳೆ ಅಂತಾರೆ.”

ಅದಕ್ಕೇ ಕಂಪಲಾಪುರಕ್ಕೆ ಬಂದೆ. ಗೌರೀಶನೂ ಒಂದು ಸಲ ಪರೀಕ್ಷೆ ಮಾಡಿಸಲಿ, ಅವನಲ್ಲಿ ಇಲ್ಲದಿದ್ದರೆ ನಾನೇ ನಿಂತು ಚಪ್ಪರ ಹಾಕಿಸುತ್ತೇನೆ ಅಂದೆ. ಅವನು, ನಾಲ್ಕರಲ್ಲಿ ಒಂದು ಅಂದರೆ ಮೂರಕ್ಕೆ ಏನೂ ಆಗುವುದಿಲ್ಲ ತಾನೆ ಎಂದು ನಕ್ಕು ಅಂಗಡಿಗೆ ಹೋದ. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ನೀನು ಉಷಾಳ ರಕ್ತ ಪರೀಕ್ಷೆಯ ಕಾಗದವನ್ನು ಒಲೆಗೆ ಹಾಕಿ ಹೇಳಿದ್ದನ್ನು ನಾನು ಮರೆಯಲು ನೋಡುತ್ತಿದ್ದೇನೆ.

“ಎರಡ್ನ ಮಣ್ಣಿಗಾಕ್ದೋಳು ನನ್ ಮಗಳ ಮದುವೇಲಿ ಬಾಯಾಕ್ಬೇಡ ಕಣೆ. ಹೊಟ್ಟೆಉರಿಗೆ ಓದೋಕೋದ್ಯಾ ನೀನು?”

ಇಲ್ಲ ಅಕ್ಕ. ಉಷಾ ನಿನ್ನ ಕಣ್ಣೆದುರಿಗೇ, ಎರಡು ಬೀದಿಯ ಆಚೆ ನಮ್ಮ ತವರುಮನೆಯಲ್ಲೇ ಇರಲಿ ಎಂಬ ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಆದದ್ದು ಆಯಿತು. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಅವಳಿಗೆ ತಿಂಗಳು ನಿಂತ ಕೂಡಲೇ ಮೈಸೂರಿಗೆ ಕರೆದುಕೊಂಡು ಹೋಗು. ಹತ್ತು ಹನ್ನೆರಡು ವಾರದೊಳಗೆ ಮಗುವಿಗೆ ಆ ಕಾಯಿಲೆ ಇದೆಯೇ ಎಂದು ನೋಡಿ ಹೇಳುತ್ತಾರೆ. ನೀನು ಹೋಗುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಮೊನ್ನೆ ಉಷಾಳಿಗೆ ಫೋನು ಮಾಡಿದೆ. ಗೌರೀಶ ಎತ್ತಿ, ಅವಳಿಗೆ ಬಿಡುವಿಲ್ಲ ಅಂದ.

ಬರುವ ಸೋಮವಾರದಿಂದ ನಾಲ್ಕನೆಯ ಸೆಮಿಸ್ಟರಿನ ಪರೀಕ್ಷೆ. ನಾನು ಕೂರುವುದಿಲ್ಲ. ಕಾಲೇಜು ಬಿಟ್ಟೆ. ಮೇಡಂ ಮೂರು ಸಲ ಫೋನು ಮಾಡಿದರು, ಬಸ್ಸು ಸರಿಯಾಗಿ ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ. ಪುಸ್ತಕಗಳನ್ನು ಆ ಹುಡುಗಿಯರಿಗೆ ಕೊಟ್ಟೆ.

ಉಷಾ ಗೌರೀಶರ ಬಾಳು ತಣ್ಣಗಿರಲಿ. ಅವರ ಮಕ್ಕಳಿಗೆ ನನ್ನ ಮಕ್ಕಳ ಆಯಸ್ಸು ಬಾರದಿರಲಿ, ಇದಕ್ಕಿಂತ ದೊಡ್ಡ ಹರಕೆ ನನಗೆ ಗೊತ್ತಿಲ್ಲ. ಅವ್ವನಿಗೆ ನನ್ನ ಶರಣು ತಿಳಿಸು.

ನಿನ್ನ ತಂಗಿ,
ಮಲ್ಲಾಜಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಉಷಾಳ ಧಾರೆಯ ದಿನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ವಂಶಪಟ್ಟಿಯ ಆ ಹಾಳೆಯನ್ನು ಮಾವನ ಮುಂದಿಟ್ಟು, ಮೇಡಂ ನನಗೆ ಹೇಳಿದ ಹಾಗೆಯೇ ವಿವರಿಸಿದೆ. ಅಜ್ಜಿ ಹೇಳಿದ್ದು ಸುಳ್ಳು ಎಂದು ಅವರಿಗೂ ತಿಳಿಯಲಿ ಅಂತ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ, “ನಂಗೊತ್ತು ಕಣೆ” ಅಂದರು. “ನಂದೀಶಂಗೆ ವರ್ಷ ತುಂಬ್ದಾಗ್ಲೇ ಡಾಕ್ಟ್ರು ಹೇಳಿದ್ರು. ಇನ್ನೊಂದು ಮಗು ಆಗೋಕ್ ಮುಂಚೆ ಇಬ್ರೂ ಬನ್ನಿ ಅಂದಿದ್ರು. ನಿಂಗೇಳುದ್ರೆ ನೀನು ನನ್ ಬುಟ್ಟೋಯ್ತೀಯ ಅಂತ ಯೆದ್ರುಕಂಡೆ.”

ಅವರು ಹೇಳಿದ್ದರೆ ಶೋಭಾ ಹುಟ್ಟುತ್ತಲೇ ಇರಲಿಲ್ಲ ಅಕ್ಕ. ಏಳು ವರ್ಷ ಅವಳು ಪಟ್ಟ ಪಾಡು ಇರುತ್ತಿರಲಿಲ್ಲ. ಆದರೆ ಅವಳು ಹುಟ್ಟಬಾರದಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಮಾವನನ್ನು ಏನೆಂದು ಬೈಯಬೇಕೋ ತಿಳಿಯದೆ, ದಿನಾ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದೇನೆ.