ಹೆಸರಿಗೊಂದು ಚೀಟಿ

ಕ್ರಿಸ್ಟಿಯಾನಿಯಾ
ಸೋಮವಾರ, ನವೆಂಬರ್ 27, 1905

ಪ್ರೀತಿಯ ಅಪ್ಪ (ಹಾಗೆಂದು ಬರೆಯುವ ಅಭ್ಯಾಸ ಇನ್ನೂ ಬಿಟ್ಟಿಲ್ಲ),

ನನ್ನ ಮದುವೆಯಾಯಿತು! ಆಗಿ ಒಂಬತ್ತು ದಿನವೂ ಆಯಿತು! ಹಾಲ್ವರ್ ಜೊತೆಗೇ, ಚರ್ಚಿನಲ್ಲೇ, ಪಾದ್ರಿಯ ಮುಂದೆಯೇ! ನಾನೀಗ ಎಷ್ಟು ಸುಖವಾಗಿದ್ದೇನೆ ಅಂದರೆ, ಮೆಟ್ಟಿಲು ಇಳಿಯುವಾಗ ಹಾಡಿಕೊಂಡು ಇಳಿಯುತ್ತೇನೆ, ಕೆಳಗಿನ ಮನೆಯ ಮುದುಕಿ ಪೊರಕೆಯಿಂದ ಸೂರು ಕುಟ್ಟುತ್ತಾಳೆ.

ಇದನ್ನು ಓದಿ ನೀವು ಕಾಫಿ ಬಟ್ಟಲನ್ನು ಮೇಜಿಗೆ ಕುಕ್ಕಿರುತ್ತೀರಿ. ಗೂರಿನೆ ಅತ್ತೆ ಒಲೆಯ ಹತ್ತಿರದಿಂದಲೇ "ಯಾರ್ದು, ಅವಳ್ದಾ?" ಅಂದಿರುತ್ತಾಳೆ. ಅವಳದೇ ಅತ್ತೆ, ಅವಳದೇ. ಜೋರಾಗಿ ಓದಿ ಹೇಳಿ ಅಪ್ಪ. ಇಪ್ಪತ್ತೆರಡು ವರ್ಷ ಊರಿನ ಲೆನ್ಸ್‌ಮಾನ್ ಆಗಿ, ಪೊಲೀಸೂ ಅಮಲ್ದಾರನೂ ಒಬ್ಬರೇ ಆಗಿ, ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಗುಡ್ಡದ ಕಲ್ಲು ಹತ್ತಿ, ಸರಕಾರದ ಹುಕುಂನಿಂದ ಹಿಡಿದು ಯಾರದೋ ಕಳೆದುಹೋದ ಕುರಿಯ ತನಕ ಎಲ್ಲವನ್ನೂ ಕೂಗಿ ಹೇಳಿದ ಗಂಟಲು ನಿಮ್ಮದು. ಒಂದೇ ಒಂದು ಮಾತಿಗೆ ಮಾತ್ರ ಆ ಗಂಟಲು ಕಟ್ಟಿಕೊಂಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮದುವೆ. ನಾನು ಉಟ್ಟದ್ದು ನನ್ನ ನೀಲಿ ಉಡುಪು, ನೀವು ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದಾಗ ಹೊಲಿಸಿಕೊಟ್ಟದ್ದು, ತೋಳು ಬಿಚ್ಚಿ ದೊಡ್ಡದು ಮಾಡಿಕೊಂಡೆ. (ಆ ಇಂಗ್ಲಿಷಿನಿಂದ ನಿಮಗೇನೋ ಲಾಭವಾಯಿತು. ಮೀನು ಹಿಡಿಯಲು ಬರುವ ದೊರೆಗಳ ಮುಂದೆ ನನ್ನನ್ನು ನಿಲ್ಲಿಸಿ ಹವೆಯ ವಿಷಯ ಮಾತಾಡಿಸುತ್ತಿದ್ದಿರಲ್ಲ!) ನೀವು ಸಾಕ್ಷಿಯಾಗಿ ನಿಲ್ಲಬೇಕಾಗಿದ್ದ ಜಾಗದಲ್ಲಿ ಹಾಲ್ವರ್‌ನ ಮೇಸ್ತ್ರಿ ನಿಂತ. ತಲೆಯಲ್ಲಿ ಒಂದು ಕೂದಲಿಲ್ಲ, ಕೋಟು ಎರವಲಿನದು. ಪಾದ್ರಿ "ಹುಡುಗಿ ಕಡೆಯವರು ಯಾರು?" ಅಂತ ಕೇಳಿದರು. ಆ ಪುಣ್ಯಾತ್ಮ "ನಾನೇ ಸ್ವಾಮಿ, ಇವತ್ತಿನ ಮಟ್ಟಿಗೆ" ಅಂದ. ನನಗೆ ಅಲ್ಲೇ ನಗು ಬಂತು. ಆಮೇಲೆ ಅಳು. ಆಮೇಲೆ ಮತ್ತೆ ನಗು. ಪಾದ್ರಿ ಕನ್ನಡಕ ತೆಗೆದು ಒರೆಸಿಕೊಂಡು ಮುಂದುವರಿಸಿದರು.

ಮೂರನೇ ಮಹಡಿಯಲ್ಲಿ ಒಂದೇ ಕೋಣೆ ನಮ್ಮದು. ಕಿಟಕಿ ತೆಗೆದರೆ ಇನ್ನೊಬ್ಬರ ಕಿಟಕಿ. ಹಾಲ್ವರ್ ಬೆಳಿಗ್ಗೆ ಬಂದರಿನ ಹತ್ತಿರ ರಸ್ತೆಗೆ ಕಲ್ಲು ಹಾಸಲು ಹೋಗುತ್ತಾನೆ, ಸಂಜೆ ಮೀಸೆಯ ತುಂಬ ಕಲ್ಲುಪುಡಿ ತುಂಬಿಕೊಂಡು ಬರುತ್ತಾನೆ. ಅವನ ಅಂಗೈ ಉಪ್ಪುಕಾಗದದ ಹಾಗಿದೆ, ಆದರೂ ಕಾಫಿ ನಿಮಗಿಂತ ಚೆನ್ನಾಗಿ ಮಾಡುತ್ತಾನೆ. ಇದನ್ನು ನಿಮ್ಮ ಮನಸ್ಸು ನೋಯಿಸಲೆಂದೇ ಬರೆದಿದ್ದೇನೆ.

ಮೊನ್ನೆ ಶನಿವಾರ ಹೊಸ ರಾಜರು ಹಡಗಿನಿಂದ ಇಳಿದದ್ದನ್ನು ನೋಡಲು ಹೋಗಿದ್ದೆವು. ನೋಡಿದೆವು ಅಂದರೆ ಸುರಿಯುವ ಹಿಮ ನೋಡಿದೆವು, ಛತ್ರಿಗಳನ್ನು ನೋಡಿದೆವು, ಮುಂದೆ ನಿಂತಿದ್ದ ಹೆಂಗಸಿನ ಟೋಪಿಯ ಹಿಂಭಾಗ ನೋಡಿದೆವು. ಹಾಲ್ವರ್ ಒಮ್ಮೆಲೇ ನನ್ನನ್ನು ಎತ್ತಿ ಹಿಡಿದ. "ನೀನು ನೋಡು, ನಿಂಗೆ ಕಂಡ್ರೆ ನಂಗೂ ಕಂಡ ಹಾಗೇ" ಅಂದ. ಆಮೇಲೆ ಗಂಟಲು ಬಿದ್ದುಹೋಗುವ ತನಕ ಹುರ್ರೇ ಕೂಗಿದ. ನಿನ್ನೆಯೆಲ್ಲ ಕೈಸನ್ನೆಯಲ್ಲೇ ಮಾತು. ಈ ಮನುಷ್ಯನನ್ನು ಅಪ್ಪ, ನಮ್ಮ ಹೌಗ್ಸೆಟ್ ಊರು 'ಸ್ವೀಡನ್ನಿನ ನಾಯಿ' ಅಂತ ಕರೆದು ಓಡಿಸಿತು.

ಸರಿ, ಈಗ ಆ ಮಾತಿಗೆ ಬರುತ್ತೇನೆ.

ಆಗಸ್ಟ್ ಹದಿಮೂರರ ಭಾನುವಾರ. ಸ್ವೀಡನ್ನಿನ ರಾಜನ ಜೊತೆಗಿನ ತೊಂಬತ್ತು ವರ್ಷದ ನಂಟನ್ನು ನಮ್ಮವರು ಮುರಿದದ್ದು ಸರಿಯೋ, 'ಹೌದು' ಅನ್ನುತ್ತೀರೋ 'ಇಲ್ಲ' ಅನ್ನುತ್ತೀರೋ ಅಂತ ದೇಶದ ಗಂಡಸರನ್ನೆಲ್ಲ ಕೇಳಿದ ದಿನ. ಅಚ್ಚಾದ 'ಹೌದು' ಚೀಟಿಗಳ ಕಟ್ಟು ನಮ್ಮ ಅಡುಗೆಮನೆಯ ಮೇಜಿನ ಮೇಲಿತ್ತು. "ಇಲ್ಲ ಅನ್ನೋ ಗಂಡಸಿದ್ರೆ ಅವನೇ ಬರ್ಕೊಳ್ಳಲಿ" ಅಂದಿರಿ. ನೆನಪಿಗೊಂದು ಚೀಟಿ ಇಟ್ಟುಕೊಳ್ಳುತ್ತೇನೆ ಅಂತ ಅತ್ತೆ ಕೈಚಾಚಿದರೆ, ನೊಣ ಹೊಡೆದ ಹಾಗೆ ಅವಳ ಕೈಗೆ ಹೊಡೆದಿರಿ. "ಪಟ್ಟೀಲಿರೋದು ಇನ್ನೂರ ಹದಿಮೂರು ಹೆಸರು. ಹೆಸರಿಗೊಂದು ಚೀಟಿ. ಹೆಚ್ಚಿಗೆ ಒಂದೂ ಇಲ್ಲ." ಇನ್ನೂರ ಹದಿಮೂರು ಜನವೂ ಬಂದರು. ಹಾಸಿಗೆ ಹಿಡಿದಿದ್ದ ಅಜ್ಜಂದಿರನ್ನೂ ಗಾಡಿಯಲ್ಲಿ ತರಿಸಿದಿರಿ. ಎಂಥ ಹುಮ್ಮಸ್ಸು ನಿಮಗೆ! ಆ ವಾರವೇ ಗಡಿಯ ಕಾವಲಿನಿಂದ ನನ್ನ ತಮ್ಮ ಐವಿನ್‌ನ ಕಾಗದ ಬಂದಿತ್ತು, ನಿಜವಾದ ಗುಂಡು ಕೊಟ್ಟಿದ್ದಾರೆ ಅಂತ. ಮೂರು ಸಲ ಓದಿ "ಭಲೇ ಮಗನೆ!" ಅಂದಿರಿ. ಗಂಜಿ ಮಾತ್ರ ಮುಟ್ಟಲಿಲ್ಲ. ಕಾಗದ ಮಡಿಸಿ ಒಳಅಂಗಿಯ ಜೇಬಿಗೆ ಹಾಕಿಕೊಂಡು ಎದ್ದುಹೋದಿರಿ.

ಚರ್ಚಿನೊಳಗೆ ಹೆಸರಿನ ಪಟ್ಟಿ ಹಿಡಿದು ಮೇಜಿನ ಹಿಂದೆ ಕೂತವರು ನೀವು. ಸಾಲಿನಲ್ಲಿ ಹಾಲ್ವರ್ ಕೂಡ ನಿಂತಿದ್ದ, ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡು. ಮೇಜಿನ ಹತ್ತಿರ ಬಂದ. ನೀವು ಬಾಗಿ ಏನೋ ಅಂದಿರಿ. ಅವನು ಕೆಂಪಗಾಗಿ ಹೊರಗೆ ಹೋದ. ಎಲ್ಲರೂ ನೋಡಿದ್ದು ಇಷ್ಟೇ: ಮೇಜಿನ ತನಕ ಹೋದ, ಹೊರಗೆ ಬಂದ.

ಸಂಜೆ ಎಣಿಕೆ. ಇನ್ನೂರ ಹನ್ನೆರಡು ಹೌದು, ಒಂದು ಇಲ್ಲ.

ಆ ಒಂದು ಯಾರದು ಅಂತ ತೀರ್ಮಾನಿಸಲು ಊರಿಗೆ ಒಂದು ಚಿಟಿಕೆ ನಶ್ಯ ಏರಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಏಳು ವರ್ಷ ಸ್ವೀಡನ್ನಿನ ಕಲ್ಲುಗಣಿಯಲ್ಲಿ ದುಡಿದು ಬಂದವನು ಇದ್ದದ್ದೇ ಒಬ್ಬ. "ಸ್ವೀಡನ್ನಿನ ಅನ್ನ ಮಾತಾಡ್ತಿದೆ ಕಣೋ!" ಅಂತ ಗಿರಣಿಯವನು ಅವನ ಕಾಲರ್ ಹಿಡಿದ. ಹಾಲ್ವರ್ ಹೇಳಿದ, "ನನ್ನ ಹೆಸರೇ ಪಟ್ಟೀಲಿ ಇರ್ಲಿಲ್ಲ ಕಣ್ರಪ್ಪ. ತಿರುಗಿ ಬಂದು ಐದು ವರ್ಷ ಆಗಿಲ್ಲ, ಮತ ಇಲ್ಲ ಅಂದ್ರು. ಲೆನ್ಸ್‌ಮಾನ್‌ರನ್ನೇ ಕೇಳಿ."

ಗುಡ್ಡದ ಜನವೆಲ್ಲ ನಿಮ್ಮ ಕಡೆ ತಿರುಗಿದರು. ಒಂದು ಮಾತು ಸಾಕಾಗಿತ್ತು ಅಪ್ಪ. ತಲೆ ಅಲ್ಲಾಡಿಸಿದ್ದರೂ ಸಾಕಾಗಿತ್ತು.

"ಮತದಾನದ ಮೇಜಿನಲ್ಲಿ ನಡೆದದ್ದನ್ನ ಹೊರಗೆ ಹೇಳೋದು ಕಾನೂನಲ್ಲ" ಅಂದಿರಿ. ಹ್ಯಾಟು ಹಾಕಿಕೊಂಡು ನಡೆದಿರಿ.

ಅಲ್ಲಿಗೆ ಮುಗಿಯಿತು. ಮಾರನೇ ದಿನದಿಂದ ಅವನ ಕೊಟ್ಟಿಗೆಯ ಬಾಗಿಲಿಗೆ ಸಗಣಿ. ಅಂಗಡಿಯವನು ಅವನಿಗೆ ಬ್ರೆಡ್ಡಿನ ಹಿಟ್ಟು ಖಾಲಿ ಅಂದ, ಹಿಂದೆ ನಿಂತಿದ್ದ ನನಗೆ ಎರಡು ಸೇರು ತೂಗಿ ಕೊಟ್ಟ. ಅಮ್ಮನ ಸಮಾಧಿಗೆ ಅವನು ಕೆತ್ತಿದ್ದ ಕಲ್ಲನ್ನು, ಆ ಕೆಲಸಕ್ಕೆ ಬಂದಾಗಲೇ ಅಲ್ಲವೇ ಅವನು ನನ್ನ ಕಣ್ಣಿಗೆ ಬಿದ್ದದ್ದು, ಅದನ್ನು ಕಿತ್ತು ಬೇಲಿಯ ಪಕ್ಕ ಬೋರಲು ಹಾಕಿದರು. ಅಮ್ಮನ ಹೆಸರು ಮಣ್ಣಿಗೆ. ನೀವು ಪ್ರತಿ ಭಾನುವಾರ ಅದನ್ನು ದಾಟಿಕೊಂಡೇ ಗುಡ್ಡ ಹತ್ತಿದಿರಿ. ಇನ್ನು ಅತ್ತೆ! ಮತವಿಲ್ಲದಿದ್ದರೂ ಹೆಂಗಸರು ನಾವೂ 'ಹೌದು' ಅಂತ ಸಹಿ ಹಾಕಿ ಕಳಿಸೋಣ ಅಂತ ಊರೂರಿನಲ್ಲಿ ಪಟ್ಟಿ ಓಡಾಡಿತಲ್ಲ, ನಮ್ಮೂರಿನ ತೊಂಬತ್ತಾರು ಸಹಿಗಳನ್ನು ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ಅಲೆದು ತಂದವಳು ನಾನು. "ಸ್ವೀಡನ್ನಿನವನನ್ನ ಕಟ್ಕೊಳ್ಳೋಳ ಹೆಸರು ನಮ್ಮ ಜೊತೆ ಬೇಡ" ಅಂತ ಅತ್ತೆ ಮೊದಲ ಸಾಲಿನ ನನ್ನ ಹೆಸರಿನ ಮೇಲೆ ಗೀಟು ಎಳೆದಳು. ಸ್ಕೇಲು ಇಟ್ಟು ಎಳೆದಳು ಅಪ್ಪ, ಗೀಟು ಸೊಟ್ಟಗಾಗಬಾರದು ಅಂತ!

ಈಗ ನನ್ನ ತಪ್ಪೂ ಒಂದು ಇದೆ, ಒಪ್ಪಿಕೊಂಡುಬಿಡುತ್ತೇನೆ. ನಾನೂ ಹಾಲ್ವರ್‌ನನ್ನು ನಂಬಲಿಲ್ಲ. ಪಟ್ಟಿಯಲ್ಲಿ ಹೆಸರಿರದಿದ್ದರೆ ಅಪ್ಪ ಹೇಳದೆ ಇರುತ್ತಿದ್ದರೇ, ಅಪ್ಪ ಅಂಥವರಲ್ಲ ಅಂದುಕೊಂಡೆ. ನಿಶ್ಚಿತಾರ್ಥದ ಉಂಗುರ ಬಿಚ್ಚಿ ಕಾಗದದಲ್ಲಿ ಸುತ್ತಿ ಅವನಿಗೆ ಕಳಿಸಿದೆ. ಅವನು ಊರು ಬಿಟ್ಟು ಕ್ರಿಸ್ಟಿಯಾನಿಯಾಗೆ ಬಂದ. ಸೆಪ್ಟೆಂಬರ್ ಕೊನೆಗೆ ನನ್ನಿಂದ ತಡೆಯಲಾಗಲಿಲ್ಲ, ನಾನೂ ಬಂದೆ. ಬಂದು ಏನು ಹೇಳಿದೆ ಗೊತ್ತೇ? "ನೀನು ಇಲ್ಲ ಅಂತ ಹಾಕಿದ್ರೂ ಪರವಾಗಿಲ್ಲ, ನಾನು ಕ್ಷಮಿಸಿದೀನಿ" ಅಂದೆ! ಎಂಥ ದೊಡ್ಡ ಮನಸ್ಸು ನನ್ನದು! ಅವನು ನನ್ನ ಮುಖ ನೋಡಿದ, ಜೇಬಿನಿಂದ ಉಂಗುರ ತೆಗೆದ. "ಒಳ್ಳೇದಾಯ್ತು, ಬೆರಳು ಕೊಡು" ಅಂದ. ಮಾಡದ ತಪ್ಪಿಗೆ ಕ್ಷಮೆ ತೆಗೆದುಕೊಂಡ.

ಈ ತಿಂಗಳ ಹನ್ನೆರಡರಂದು, ರಾಜರು ಬೇಕೋ ಬೇಡವೋ ಅನ್ನುವ ಎರಡನೇ ಮತದಾನಕ್ಕೆ ನಾನೇ ಹಟ ಹಿಡಿದು ಅವನನ್ನು ಎಳೆದುಕೊಂಡು ಹೋದೆ. ಮೇಜಿನ ಗುಮಾಸ್ತ ಪುಸ್ತಕ ತಿರುವಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ನೀವು ದೇಶಕ್ಕೆ ಬಂದದ್ದು ಸಾವಿರದ ಒಂಬೈನೂರ ಎರಡರಲ್ಲಿ! ಐದು ವರ್ಷ ಎಲ್ಲಾಯ್ತು? ಮುಂದಿನವರು!"

ನಾನು ಹಿಮದಲ್ಲಿ ನಿಂತುಬಿಟ್ಟೆ. ಹಾಲ್ವರ್ ಹೆಗಲು ಹಾರಿಸಿದ. "ಹೇಳಿದ್ನಲ್ಲ" ಅಂದ, ಅಷ್ಟೇ. ಅವತ್ತು ರಸ್ತೆಯಲ್ಲಿ ಅವನ ಕೋಟಿನಲ್ಲಿ ಮುಖ ಮುಚ್ಚಿ ಅತ್ತ ಹಾಗೆ ಅಮ್ಮ ಹೋದಾಗಲೂ ಅತ್ತಿರಲಿಲ್ಲ.

ಹಾಗಾದರೆ ಪಟ್ಟಿ ಹಿಡಿದು ಕೂತಿದ್ದ ನಿಮಗೆ ಮೊದಲಿನಿಂದ ಗೊತ್ತಿತ್ತು. ಸಗಣಿ ಬಿದ್ದಾಗ, ಕಲ್ಲು ಬಿದ್ದಾಗ, ನಾನು ಉಂಗುರ ಬಿಚ್ಚಿದಾಗ, ಮೇಜಿನ ಆ ಕಡೆ ಕೂತು ಚೀಸಿನ ಚೂರು ಹೆರೆಯುತ್ತಿದ್ದಿರಲ್ಲ, ಆಗೆಲ್ಲ ಗೊತ್ತಿತ್ತು.

ನನಗೆ ಉಡುಗೊರೆ ಬೇಡ. ಅಮ್ಮನ ಬೆಳ್ಳಿಯ ಪದಕವನ್ನು ಅತ್ತೆಯೇ ಹಾಕಿಕೊಳ್ಳಲಿ, ಆ ಗಂಟಲಿಗೆ ಏನಾದರೂ ಭಾರ ಬೇಕು. ನನಗೆ ಬೇಕಾದದ್ದು ಒಂದೇ. ಬರುವ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಲ್ಲು ಹತ್ತಿ, ಕಳೆದುಹೋದ ಕುರಿಗಿಂತ ಮೊದಲು ಇದನ್ನು ಕೂಗಿ: "ಆಗಸ್ಟ್ ಹದಿಮೂರರಂದು ಹಾಲ್ವರ್‌ನ ಹೆಸರು ಪಟ್ಟಿಯಲ್ಲಿರಲಿಲ್ಲ. ಅವನು ಮತ ಹಾಕಲಿಲ್ಲ." ಇಷ್ಟೇ. ಹನ್ನೆರಡು ವರ್ಷದ ಹುಡುಗಿಗೂ ಬಾಯಿಪಾಠ ಬರುವಷ್ಟು.

ಇಲ್ಲಿಯವರೆಗೆ ಅತ್ತೆಗೆ ಓದಿ ಹೇಳಬಹುದು. ಸಹಿಯ ಕೆಳಗಿರುವುದು ನಿಮಗೊಬ್ಬರಿಗೇ. ಅವಳನ್ನು ಹಾಲು ತರಲು ಕಳಿಸಿ.

ನಿಮ್ಮ ಮಗಳು, ಕಲ್ಲುಕುಟಿಗ ಹಾಲ್ವರ್‌ನ ಹೆಂಡತಿ,
ಬೋರ್ಗಿಲ್ಡ್

ಮರೆತ ಮಾತು: ಮತದಾನದ ಮಾರನೇ ದಿನ ನಿಮ್ಮ ಒಳಅಂಗಿ ಒಗೆಯಲು ಜೇಬು ಬರಿದು ಮಾಡಿದವಳು ನಾನು. ಐವಿನ್‌ನ ಕಾಗದ ಇತ್ತು. ಅದರೊಳಗೆ ನಾಲ್ಕಾಗಿ ಮಡಿಸಿದ್ದ ಅಚ್ಚಿನ ಚೀಟಿ ಒಂದಿತ್ತು, 'ಹೌದು' ಅಂತ. ಕಾಗದವನ್ನು ನಿಮ್ಮ ಮೇಜಿನ ಮೇಲಿಟ್ಟೆ. ಚೀಟಿಯನ್ನು ದೊಡ್ಡ ದಿನದ ನೆನಪಿಗೆ ಅಂತ ನನ್ನ ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟುಕೊಂಡೆ, ಹೆಮ್ಮೆಯಿಂದ ಇಲ್ಲಿಗೂ ತಂದೆ. ಆ ಗುಮಾಸ್ತ ಕೂಗುವ ತನಕ ನನಗೆ ಹೊಳೆಯಲಿಲ್ಲ. ಹೆಸರಿಗೊಂದು ಚೀಟಿ, ಹೆಚ್ಚಿಗೆ ಒಂದೂ ಇಲ್ಲ. ಹಾಗಾದರೆ ಇದು ಯಾವ ಹೆಸರಿನ ಚೀಟಿ, ಪೆಟ್ಟಿಗೆಗೆ ಬೀಳದೆ ಜೇಬಿನಲ್ಲೇ ಉಳಿದದ್ದು?

ಯಾಕೆ ಅಂತ ಕೇಳುವುದಿಲ್ಲ. ಚೀಟಿಯನ್ನು ಮಡಿಸಿಟ್ಟಿದ್ದ ಐವಿನ್‌ನ ಕಾಗದದಲ್ಲೇ ಉತ್ತರ ಇತ್ತು. 'ಹೌದು' ಅಂದರೆ ಯುದ್ಧ ಬರಬಹುದು, ಬಂದರೆ ಮೊದಲ ಸಾಲಿನಲ್ಲಿ ಐವಿನ್ ಇದ್ದ. ಊರಿಗೆಲ್ಲ ಹೌದು ಹಂಚಿ, ನೀವು ಮಾತ್ರ ಮಗನಿಗಾಗಿ ಇಲ್ಲ ಅಂತ ಬರೆದಿರಿ. ಅಪ್ಪ, ಅವತ್ತು ಮನೆಗೆ ಬಂದು ನನಗೊಬ್ಬಳಿಗೆ ಹೇಳಿದ್ದರೆ ನಿಮ್ಮ ಕೈಗೆ ಮುತ್ತು ಕೊಡುತ್ತಿದ್ದೆ. ಐವಿನ್ ಕ್ಷೇಮವಾಗಿ ಮನೆಗೆ ಬಂದ, ಒಲೆಯ ಪಕ್ಕ ಕೂತಿದ್ದಾನೆ. ಅವನ ಜೀವದ ಭಯವನ್ನು ನೀವು ನನ್ನ ಗಂಡನ ತಲೆಗೆ ಕಟ್ಟಿದಿರಿ.

ಹಾಲ್ವರ್‌ಗೆ ತೋರಿಸಿದೆ. ಮಡಿಕೆ ಬಿಡಿಸಿ ನೋಡಿದ. "ಮುದುಕ ಮಗನಿಗೋಸ್ಕರ ಮಾಡಿದಾನೆ. ಒಲೆಗೆ ಹಾಕ್ಬಿಡು" ಅಂದ. ಅವನು ಒಳ್ಳೆಯವನು. ನಾನು ನಿಮ್ಮ ಮಗಳು, ಹಾಕಲಿಲ್ಲ.

ಭಾನುವಾರ ಗುಡ್ಡದ ಕೆಳಗೆ ಪ್ರಾರ್ಥನೆಯ ಪುಸ್ತಕ ಹಿಡಿದು ನಿಂತಿರುತ್ತೇನೆ. ನೀವು ಆ ಎರಡು ಮಾತು ಕೂಗಿದರೆ ಚೀಟಿ ನಿಮ್ಮ ಕೈಗೆ ಬರುತ್ತದೆ, ಯಾರ ಕಣ್ಣಿಗೂ ಬೀಳದೆ. ಕೂಗದಿದ್ದರೆ ನೀವು ಇಳಿದ ಮೇಲೆ ಆ ಕಲ್ಲು ನಾನು ಹತ್ತುತ್ತೇನೆ. ನನ್ನ ಗಂಟಲೂ ನಿಮ್ಮದೇ, ಕೊನೆಯ ಸಾಲಿನ ತನಕ ಕೇಳುತ್ತದೆ. ಹಾಲ್ವರ್ ಹಾರೆ ಮತ್ತು ಹಗ್ಗ ತರುತ್ತಿದ್ದಾನೆ. ಏನೇ ಆಗಲಿ, ಅಮ್ಮನ ಕಲ್ಲು ಎತ್ತಿ ನಿಲ್ಲಿಸಿಯೇ ಹೋಗುವುದು.

ನಾವು ಬರುವುದು ಡಿಸೆಂಬರ್ ಎರಡು, ಶನಿವಾರ, ಕ್ರಿಸ್ಟಿಯಾನಿಯಾದಿಂದ ಬೆಳಿಗ್ಗೆ ಹೊರಡುವ ಮೊದಲ ರೈಲಿಗೆ.