ಅಕ್ಕನಿಗೆ ಕಾಣದ ಬೆರಳು

ಡೊಂಬಿವಲಿ, ಜುಲೈ ೧೪, ರಾತ್ರಿ

ಜಯಲತಕ್ಕನ ಬಿಪಿ ಇಳಿಯಿತೇ? ಅವಳ ಮಗಳು ಪ್ರಣೀತಾಳ ಕೆಮ್ಮು ಹೇಗಿದೆ? ಕೇಳಲು ಮರೆತೇಬಿಟ್ಟೆ. ಡೈರಿಯಲ್ಲೂ ಕಾಗದ ಬರೆಯುವ ಚಾಳಿ ನನ್ನನ್ನು ಬಿಡದು.

ಅಕ್ಕನಿಗೆ ಕಿವಿ ಕೇಳದು. ಚಿಕ್ಕಂದಿನಿಂದ ನಮ್ಮದು ಕೈಸನ್ನೆಯ ಮಾತು. ವರ್ತಕ ನಗರದ ಅವಳ ಮನೆಗೆ ಹೋಗೋಣವೆಂದರೆ ಲೋಕಲ್ ರೈಲು ಹತ್ತಲು ಮೊಣಕಾಲು ಒಪ್ಪದು. ಉಳಿದದ್ದು ವಿಡಿಯೊ ಕಾಲ್. ಪ್ರತಿ ಸಲವೂ ಇಡೀ ಚಿತ್ರ ಕಳಿಸುವ ಬದಲು ಸರಿದದ್ದನ್ನಷ್ಟೇ ಕಳಿಸಲು, ಚಿತ್ರದ ಒಂದೊಂದು ಚೌಕವೂ ಹಿಂದಿನ ಚಿತ್ರದಲ್ಲಿ ಎಲ್ಲಿತ್ತೆಂದು ಎಲ್ಲೆಡೆ ಹುಡುಕಿ ಹುಡುಕಿ ನನ್ನ ಹಳೇ ಫೋನು ಬಿಸಿಯೇರಿ ಆಫ್ ಆಗುತ್ತಿತ್ತು. ಅದಕ್ಕೇ ಈ ಕಾಲ್‌ಗೆಂದು ನಾನೇ ಬರೆದ ಪ್ರೋಗ್ರಾಮಿನಲ್ಲಿ ಹುಡುಕಾಟವನ್ನು ಅಕ್ಕಪಕ್ಕಕ್ಕಷ್ಟೇ ಕಟ್ಟಿಹಾಕಿದೆ. ಫೋನು ತಣ್ಣಗಾಯಿತು. ಆದರೆ ಬೆರಳುಗಳ ಓಟ ಆ ಎಲ್ಲೆ ದಾಟಿತು, ಇವತ್ತು ಅಕ್ಕನ ಪರದೆಯಲ್ಲಿ ಸನ್ನೆಯೆಲ್ಲ ಕಲಸಿ ಗಂಜಿಯಾಯಿತು.

"ಮಾವ, ನಿಮ್ಮ ಗೋಡೆ ಮಾತ್ರ ಚಂದ ಕಾಣ್ತದೆ" ಎಂದು ಪ್ರಣೀತಾ ನಕ್ಕಳು. "ಗೋಡೆ ಹತ್ರ ಮಾತಾಡ್ಲಿಕ್ಕೆ ನಾನೇನು ಹಲ್ಲಿಯಾ ಅಂತ ಅಮ್ಮ ಕೇಳ್ತಿದ್ದಾರೆ!"

ಅಕ್ಕನ ಮಾತು ಸರಿ. ಅಲುಗದ ಗೋಡೆಗೆ ಹುಡುಕಾಟವೇ ಬೇಡ. ಅಲ್ಲಿ ಉಳಿದ ಫೋನಿನ ದುಡಿಮೆಯೆಲ್ಲ ಕೈಗಳಿಗೆ ಸಲ್ಲಲಿ, ಅವು ಹೋದಷ್ಟು ದೂರವೂ ಹುಡುಕಲಿ. ಈಗಷ್ಟೇ ಹಾಗೆ ತಿದ್ದಿದೆ. ಆಗದಿದ್ದರೆ ನಾಳೆ ಮತ್ತೆ ತಿದ್ದುತ್ತೇನೆ, ಬಿಡುವವನಲ್ಲ.

ಪ್ರಣೀತಾ, ನಾಳೆಯ ಕಾಲ್‌ನಲ್ಲಿ ಅಕ್ಕ ಕನಿಕರಕ್ಕೆ, ತಿಳಿಯಿತೆಂದು ಸುಮ್ಮನೆ ತಲೆಯಾಡಿಸಿಯಾಳು. ನಿಜಕ್ಕೂ ತಿಳಿಯಿತೋ ಇಲ್ಲವೋ, ನೀನೇ ಬೇಗ ಬರೆದು ತಿಳಿಸು ಮಗಳೇ. ಬೈದರೂ ಸರಿ, ನನ್ನ ಬೆರಳು ಓದಿ ಬೈಯಲಿ, ಆಮೇಲೆ ಅವಳ ಬಿಪಿ ವಿಚಾರ ಕೇಳುತ್ತೇನೆ.