ಮೂರನೇ ಜಾಡಿಯ ಸಕ್ಕರೆ

ಮಾರ್ಚ್ ೧೪, ಗುರುವಾರ

ಮೂರನೇ ಜಾಡಿ ತಲೆಯಿಂದ ಇಳಿಯುತ್ತಿಲ್ಲ. ಜ್ಯೂಸ್ ಕಾರ್ಖಾನೆಯ ಕಿತ್ತಳೆ ಸಿಪ್ಪೆಯ ಮೇಲೆ ಬೂಷ್ಟು ಬೆಳೆಸಿ, ಅದರ ಕಿಣ್ವದಿಂದ ಸಕ್ಕರೆ ಬಿಡಿಸುವುದು ನಮ್ಮ ಕೆಲಸ. ಆ ಜಾಡಿಯಲ್ಲಿ ಬೂಷ್ಟು ಸರಿಯಾಗಿ ಹಬ್ಬಿಯೇ ಇಲ್ಲ, ಸಕ್ಕರೆ ಮಾತ್ರ ಉಳಿದವುಗಳ ಮೂರರಷ್ಟು! ಯಾರೋ ಹೊರಗಿನಿಂದ ಸಕ್ಕರೆ ಬೆರೆಸಿರಬೇಕು. ಫಲಿತಾಂಶ ಚೆನ್ನಾಗಿದ್ದರಷ್ಟೇ ಲ್ಯಾಬಿನಲ್ಲಿರುವ ನಮ್ಮಿಬ್ಬರ ಕೆಲಸ ಉಳಿಯುತ್ತದೆ, ನಿಜ. ಲ್ಯಾಬಿನ ಕೀಲಿಕೈ ಇರುವುದೂ ನನ್ನಲ್ಲಿ, ಬಿಟ್ಟರೆ ನನಗೆ ಕೆಲಸ ಕಲಿಸಿದ ಸೀನಿಯರ್ ಅಕ್ಕನಲ್ಲಿ.

ಬೆಳಿಗ್ಗೆ ಕೇಳಿಯೇಬಿಟ್ಟೆ. "ಅಕ್ಕಾ, ಒಂದು ಜಾಡಿಗೆ ಯಾರೋ ಸಕ್ಕರೆ ಬೆರೆಸಿದಾರೆ ಅನ್ಸುತ್ತೆ."

"ಮೂರನೇದಕ್ಕೆ ಯಾರು ಬೆರೆಸ್ತಾರೆ? ನಿಂಗೆ ಹಗ್ಗ ಕಂಡ್ರೂ ಹಾವೇ," ಎಂದು ನಕ್ಕರು.

ನಾನು ಜಾಡಿಯ ನಂಬರ್ ಹೇಳಿರಲಿಲ್ಲ.

ನಾನೂ ನಕ್ಕೆ. ಅವರು ಊಟಕ್ಕೆ ಹೋದ ಮೇಲೆ ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಆ ಜಾಡಿಯ ಸಕ್ಕರೆಯ ಅಂಕಿಯನ್ನು ಹೊಡೆದುಹಾಕಿದೆ. ಅನುಮಾನದ ಅಂಕಿಯನ್ನು ಇಟ್ಟುಕೊಳ್ಳಬೇಡ ಎಂದು ಕಲಿಸಿದವರೂ ಅವರೇ. ನಾಳೆ ಅವರು ಪುಸ್ತಕ ತೆರೆದಾಗ ಅವರ ಮುಖವನ್ನು ಹೇಗೆ ನೋಡಲಿ?